ಅಟ್ಟದ ಮೇಲಿನ ಹಳೇ ಕಾಮಿಕ್ಸ್: ಇಳಿಸೋದು, ಗುರುತಿಸೋದು, ಮಳೆಗಾಲ ದಾಟಿಸೋದು

ಆರಿದ್ರಾ ಮಳೆ ಹಿಡಿದ ಮೇಲೆ ಅಟ್ಟದ ಪೆಟ್ಟಿಗೆ ತೆಗೆಯಬೇಡಿ. ಮಲೆನಾಡಿನಲ್ಲಿ ಹಳೇ ಕಾಮಿಕ್ಸ್ ಇಟ್ಟುಕೊಂಡವರಿಗೆ ನಾನು ಹೇಳುವ ಮೊದಲ ಮಾತು ಇದು. ಮುಚ್ಚಿದ ಟ್ರಂಕಿನೊಳಗೆ 40 ವರ್ಷ ಹೇಗೋ ಬದುಕಿಕೊಂಡ ಕಾಗದ, ಜುಲೈ ತಿಂಗಳ ಗಾಳಿಗೆ ನೀರು ಕುಡಿದು, ನೋಡನೋಡುತ್ತಾ ಬೂಷ್ಟು ಹಿಡಿದು ಕೂರುತ್ತದೆ. ಅಡಿಕೆ ಕೊಯ್ಲು ಮುಗಿದಿರಬೇಕು, ಅಂಗಳ ಖಾಲಿಯಾಗಿರಬೇಕು, ಮನೆಯವರಿಗೂ ಸ್ವಲ್ಪ ಪುರುಸೊತ್ತು ಇರಬೇಕು. ಫೆಬ್ರವರಿ, ಮಾರ್ಚ್ ಸರಿಯಾದ ಕಾಲ.

ನಾನು ಶುರು ಮಾಡಿದ್ದು ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಮನೆಯಿಂದ. ಏಣಿ ಹಾಕಿದ್ದನ್ನು ನೋಡಿದ ಕೂಡಲೇ ಅತ್ತಿಗೆ, "ಎಂಥ ಮಾರಾಯ, ಆ ಕಸಾನ ಈಗ ಯಾಕೆ ಇಳಿಸ್ತೀಯ" ಅಂದರು. ಕಸ ಅಂದರೆ ಎರಡು ತಗಡಿನ ಟ್ರಂಕು, ಒಂದು ಗೋಣಿಚೀಲ. ಒಳಗೆ ಇಂದ್ರಜಾಲ, ಅಮರ ಚಿತ್ರ ಕಥೆ, ಚಂದಮಾಮ, ರಟ್ಟು ಕಿತ್ತುಹೋದ ಹೆಸರಿಲ್ಲದ ಹತ್ತಾರು ಪುಸ್ತಕ. ಗೋಣಿಚೀಲದ್ದನ್ನು ಅರ್ಧಕ್ಕರ್ಧ ಒರಲೆ ತಿಂದು ಮಣ್ಣು ಮಾಡಿತ್ತು.

ಟ್ರಂಕು ಒಂದೇ ಅಲ್ಲ, ಬೇರೆ ಕಡೆಯೂ ನೋಡಿ. ನಾಗಂದಿಗೆ ಮೇಲೆ ಹಳೇ ಪಂಚಾಂಗದ ಕಟ್ಟು ಇರುತ್ತಲ್ಲ, ಅದರ ನಡುವೆ ಸಿಗುತ್ತವೆ. ಹಾಸ್ಟೆಲ್‌ನಲ್ಲಿದ್ದು ಓದಿದ ಚಿಕ್ಕಪ್ಪ, ಮಾವಂದಿರ ಪೆಟ್ಟಿಗೆಯ ತಳದಲ್ಲಿ ಹಾಸಿದ ಕಾಗದ ಎತ್ತಿ ನೋಡಿ. ಹಳೇ ಪಠ್ಯಪುಸ್ತಕಕ್ಕೆ ಬೈಂಡ್ ಹಾಕಿದ ಹಾಳೆಯನ್ನು ಮಗುಚಿ ನೋಡಿ, ನನಗೆ ಒಂದು ಇಂದ್ರಜಾಲದ ಮುಖಪುಟ ಏಳನೇ ಕ್ಲಾಸಿನ ಗಣಿತದ ಪುಸ್ತಕದ ಮೇಲೆ ತಲೆಕೆಳಗಾಗಿ ಸಿಕ್ಕಿತು. ವಾರಪತ್ರಿಕೆಯಲ್ಲಿ ಬರುತ್ತಿದ್ದ ಚಿತ್ರಕಥೆಯ ಪುಟಗಳನ್ನು ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು ಪುಸ್ತಕ ಮಾಡಿಟ್ಟವರು ಆಗ ಜಾಸ್ತಿ ಇದ್ದರು. ಅಂಥದ್ದು ಸಿಕ್ಕರೆ ಬಿಡಿಸಲೇಬೇಡಿ. ಅಡುಗೆಮನೆ ಮೇಲಿನ ಹೊಗೆ ಅಟ್ಟದಲ್ಲಿದ್ದವು ಕಪ್ಪಗೆ, ಗಂಧಕ್ಕೆ ಮೂಗು ಮುಚ್ಚಿಕೊಳ್ಳುವ ಹಾಗೆ ಇರುತ್ತವೆ. ಆದರೆ ನಮ್ಮಲ್ಲಿ ಹುಳ ತಿನ್ನದೇ ಉಳಿದದ್ದು ಅವೇ.

ಕೆಳಗಿಳಿಸಿದ ತಕ್ಷಣ ಒರೆಸೋಕೆ ಕೂರಬೇಡಿ. ಮೊದಲು ಬರೆದಿಡಿ. ನಾನು ಇದನ್ನು ಉಲ್ಟಾ ಮಾಡಿದೆ, ಅದಕ್ಕೇ ಹೇಳುತ್ತಿದ್ದೇನೆ. ಇಂಗ್ಲಿಷ್ ಕಾಮಿಕ್ಸ್ ಆದರೆ ಯಾವ ನಂಬರಿನಲ್ಲಿ ಯಾವ ಕಥೆ ಬಂತು ಅನ್ನುವ ಪಟ್ಟಿ ಸುಲಭಕ್ಕೆ ಸಿಗುತ್ತದೆ, ಹರಿದುಹೋದರೂ ಅದು ಯಾವುದು ಅಂತ ತಿಳಿಯುತ್ತದೆ. ಕನ್ನಡದ್ದಕ್ಕೆ ಆ ಭಾಗ್ಯ ಕಡಿಮೆ. ನಿಮ್ಮ ಕೈಯಲ್ಲಿರುವ ಪ್ರತಿಯ ಮೂಲೆಯಲ್ಲಿ ಅಚ್ಚಾದ ಒಂದು ನಂಬರು, ಒಂದು ಬೆಲೆ, ಹಿಂಬದಿಯಲ್ಲಿ ಮುದ್ರಕರ ಒಂದು ಸಾಲು, ಇಷ್ಟೇ ಅದರ ಜಾತಕ. ಧೂಳು ಕೊಡವುವಾಗ ಪುಡಿಯಾಗಿ ಉದುರುವುದು ಇದೇ ಮೂಲೆ. ನನ್ನ ಕೈಯಲ್ಲಿ ಮೂರು ಪುಸ್ತಕಕ್ಕೆ ಹಾಗೆ ಆಯಿತು. ಅವು ಯಾವ ವರ್ಷದವು ಅಂತ ಇನ್ನು ಹೇಳೋಕೆ ಆಗುವುದಿಲ್ಲ.

ಹೀಗೆ ಮಾಡಿ. ಜಗಲಿಯಲ್ಲಿ ನೇರ ಬಿಸಿಲು ಬೀಳದ ಬೆಳಕಿರುವ ಜಾಗ ನೋಡಿ, ಒಂದು ಬಿಳಿ ಪಂಚೆ ಹಾಸಿ, ಪುಸ್ತಕವನ್ನು ಅದರ ಮೇಲಿಟ್ಟು ಮೊಬೈಲ್‌ನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಮುಖಪುಟ, ಹಿಂಬದಿ, ಕಥೆ ಶುರುವಾಗುವ ಪುಟ, ಮುದ್ರಕ ಪ್ರಕಾಶಕರ ಹೆಸರಿರುವ ಸಾಲು. ಫ್ಲ್ಯಾಶ್ ಬೇಡ, ಹೊಳಪಿನ ರಟ್ಟಿನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಪುಸ್ತಕವನ್ನು ಚಪ್ಪಟೆಯಾಗಿ ಒತ್ತಿ ಹಿಡಿಯಬೇಡಿ, ಬೆನ್ನು ಮುರಿಯುತ್ತದೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ನಂಬರು, ಬೆಲೆ, ಎಷ್ಟು ಪುಟ ಇದೆ, ಎಷ್ಟು ಹೋಗಿದೆ, ಯಾರ ಮನೆಯ ಯಾವ ಪೆಟ್ಟಿಗೆಯಲ್ಲಿ ಸಿಕ್ಕಿತು, ಇಷ್ಟು ಬರೆಯಿರಿ. ಒಳಗೆ ಯಾರದಾದರೂ ಹೆಸರು, "ನನ್ನ ಪ್ರೀತಿಯ ತಮ್ಮನಿಗೆ" ಥರದ ಬರಹ ಇದ್ದರೆ ಅದನ್ನೂ ಬರೆದುಕೊಳ್ಳಿ. ಬಾಡಿಗೆ ಲೈಬ್ರರಿಯ ಸೀಲು ಇದ್ದರೆ ಅಳಿಸಬೇಡಿ, ಇಂಕ್ ರಬ್ಬರ್ ಹಚ್ಚಿದರೆ ಸೀಲಿನ ಜೊತೆ ಕಾಗದವೂ ಬರುತ್ತದೆ. ಹಿಂದಿನ ರಟ್ಟಿಗೆ ತಾರೀಖಿನ ಚೀಟಿ ಅಂಟಿಸಿದ್ದರಂತೂ ಹಬ್ಬ. ಚೀಟಿಯ ಮೊದಲ ತಾರೀಖಿಗಿಂತ ಮುಂಚೆ ಆ ಪುಸ್ತಕ ಅಚ್ಚಾಗಿದೆ ಅನ್ನುವುದು ಖಾತ್ರಿ.

ಈಗ ಗುರುತಿಸುವ ಕೆಲಸ. ನನಗೆ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಆಗುತ್ತದೆ.

ಇಂದ್ರಜಾಲ ಕಾಮಿಕ್ಸ್ ಶುರುವಾದದ್ದು 1964ರ ಮಾರ್ಚ್‌ನಲ್ಲಿ, ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಸಂಸ್ಥೆಯಿಂದ. ಮೊದಲ ಸಂಚಿಕೆ ಫ್ಯಾಂಟಮ್ ಎಂಬ ಮುಸುಕುಧಾರಿ ವೀರನದ್ದು. ನಿಂತದ್ದು 1990ರಲ್ಲಿ. ಇಂಗ್ಲಿಷ್, ಹಿಂದಿಗಳ ಜೊತೆ ಕನ್ನಡದಲ್ಲೂ ಬರುತ್ತಿತ್ತು. ಇಂಗ್ಲಿಷ್ ಸರಣಿಯಲ್ಲಿ 123 ಮತ್ತು 124ನೇ ನಂಬರು ಸಿಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಆಗ ಮುಷ್ಕರ ನಡೆದು ಅವೆರಡು ಹೊರಬರಲೇ ಇಲ್ಲ. ಕೊನೆಕೊನೆಗೆ ಒಂದೇ ನಂಬರಿನ ಬದಲು ಸಂಪುಟ, ಸಂಚಿಕೆ ಅಂತ ಎರಡು ಅಂಕಿ ಹಾಕಲು ಶುರು ಮಾಡಿದರು. ಹಾಗಾಗಿ ನಂಬರ್ 20 ಅಂತ ಕಂಡ ಕೂಡಲೇ 1960ರ ದಶಕದ್ದು ಸಿಕ್ಕಿತು ಅಂತ ಕುಣಿಯಬೇಡಿ, ಪಕ್ಕದಲ್ಲಿ ಇನ್ನೊಂದು ಅಂಕಿ ಇದೆಯಾ ನೋಡಿ.

ರಟ್ಟಿಲ್ಲದ ಪ್ರತಿ ಆದರೆ ಒಳಗಿನ ಮಾತೇ ಸಾಕ್ಷಿ. ಮೂಲ ಫ್ಯಾಂಟಮ್ ಕಥೆಯಲ್ಲಿದ್ದ ಬೆಂಗಾಲಿ ಎಂಬ ನಾಡಿನ ಹೆಸರನ್ನು ಇಂದ್ರಜಾಲದವರು ನಮ್ಮ ಬಂಗಾಳದ ಜೊತೆ ಗೊಂದಲ ಬೇಡ ಅಂತಲೋ ಏನೋ ಡೆಂಕಾಲಿ ಎಂದು ಮಾಡಿದ್ದರು. ಕಡಲ್ಗಳ್ಳರಾದ ಸಿಂಗ್‌ಗಳನ್ನು ಸಿಂಗಾ ಮಾಡಿದ್ದರು. ಅದಕ್ಕೇ ಹರಿದ ಹಾಳೆಯಲ್ಲಿ ಡೆಂಕಾಲಿ ಕಂಡರೆ ಅದು ಇಂದ್ರಜಾಲದ ಕಡೆ ಬೆರಳು ತೋರಿಸುತ್ತದೆ. ಕೇಸರಿ ಕುರ್ತಾ, ಜೀನ್ಸ್ ಹಾಕಿದ ಬಹಾದ್ದೂರ್ ಇದ್ದರೆ 1976 ಅಥವಾ ಆಮೇಲಿನದು, ಯಾಕೆಂದರೆ ಆಬಿದ್ ಸುರ್ತಿ ಆ ಪಾತ್ರವನ್ನು ತಂದದ್ದೇ ಆ ವರ್ಷ.

ಅಮರ ಚಿತ್ರ ಕಥೆಯ ವಿಷಯದಲ್ಲಿ ನಾವು ಕನ್ನಡದವರು ಇನ್ನೂ ಸ್ವಲ್ಪ ಕಣ್ಣು ತೆರೆದಿರಬೇಕು. ಅದನ್ನು ಅನಂತ ಪೈ 1967ರಲ್ಲಿ ಶುರು ಮಾಡಿದರು, ಅಷ್ಟು ಎಲ್ಲರಿಗೂ ಗೊತ್ತು. ಅವರು ಹುಟ್ಟಿದ್ದು ಆಗುಂಬೆ ಘಾಟಿ ಇಳಿದರೆ ಸಿಗುವ ಕಾರ್ಕಳದಲ್ಲಿ. ಆದರೆ ಇಂಗ್ಲಿಷ್ ಪಟ್ಟಿ ತೆಗೆದು ನೋಡಿ, ಮೊದಲನೆಯದು ಕೃಷ್ಣನ ಕಥೆ, ಅದರ ನಂಬರು 11. ಹಾಗಾದರೆ 1ರಿಂದ 10 ಎಲ್ಲಿ ಹೋದವು? ಅವು ಬಂದದ್ದು ಕನ್ನಡದಲ್ಲಿ. ಬೆಂಗಳೂರಿನಲ್ಲಿ ಪುಸ್ತಕ ವ್ಯಾಪಾರ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರು 1965ರ ಹೊತ್ತಿಗೆ ಮಕ್ಕಳ ಚಿತ್ರಕಥೆಯನ್ನು ಕನ್ನಡದಲ್ಲಿ ತರೋಣ ಎಂದು ಮುಂದೆ ಬಿದ್ದರು. ಸಿಂಡ್ರೆಲಾ ಥರದ ಹೊರದೇಶದ ಕಥೆಗಳು ಮೊದಲು ಹಾಗೆ ಅಚ್ಚಾದವು. ಪುರಾಣದ ಕಥೆ ಅಲ್ಲವಲ್ಲ, ಇದು ಅಮರ ಚಿತ್ರ ಕಥೆ ಹೇಗಾದೀತು ಅಂತ ಅವನ್ನು ಪಕ್ಕಕ್ಕೆ ಹಾಕುವವರೇ ಜಾಸ್ತಿ. ದಯವಿಟ್ಟು ಹಾಕಬೇಡಿ. ನಿಮ್ಮ ಇಡೀ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಅಪರೂಪದ್ದು ಅದೇ ಇರಬಹುದು.

ಇಲ್ಲೇ ಇನ್ನೊಂದು ಮೋಸ ಹೋಗುವ ಜಾಗವಿದೆ. ಅಮರ ಚಿತ್ರ ಕಥೆಗಳು ಮತ್ತೆ ಮತ್ತೆ ಅಚ್ಚಾಗಿವೆ. ದಪ್ಪ ರಟ್ಟಿನ ಆಮೇಲಿನ ಮುದ್ರಣಗಳಿಗೆ 501ರಿಂದ ಹೊಸ ನಂಬರು ಕೊಟ್ಟರು, ಅದೇ ಕೃಷ್ಣ ಅಲ್ಲಿ 501 ಆದ. ಅವನ್ನು ಗುರುತಿಸುವುದು ಸುಲಭ. ಹಳೇ ನಂಬರಿನಲ್ಲೇ ಮರುಮುದ್ರಣ ಆದದ್ದು ಕಷ್ಟ. ಅದಕ್ಕೆ ಹಿಂಬದಿಯಲ್ಲೋ ಒಳರಟ್ಟಿನಲ್ಲೋ ಇರುವ "ನಮ್ಮ ಇತರ ಪುಸ್ತಕಗಳು" ಪಟ್ಟಿ ನೋಡಿ. ನಿಮ್ಮ ಪುಸ್ತಕದ ನಂಬರು 30 ಇದ್ದು, ಪಟ್ಟಿ 150ರವರೆಗೆ ಹೋಗಿದ್ದರೆ ಅದು ಮೊದಲ ಮುದ್ರಣ ಆಗಿರೋಕೆ ಸಾಧ್ಯವೇ ಇಲ್ಲ.

ವರ್ಷವೇ ಅಚ್ಚಾಗಿರದ ಪುಸ್ತಕಕ್ಕೆ ನಾನು ಬಳಸುವ ಕೆಲವು ಗುರುತು ಇವೆ, ಪತ್ತೇದಾರಿ ಕೆಲಸ ಅಂದುಕೊಳ್ಳಿ. ಬೆಲೆಯನ್ನು ನಯಾ ಪೈಸೆ ಎಂದು ಬರೆದಿದ್ದರೆ ಅದು ಸುಮಾರು 1957ರಿಂದ 1964ರ ನಡುವಿನದು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು, 1964ರ ಜೂನ್‌ನಲ್ಲಿ ನಯಾ ಅನ್ನುವುದನ್ನು ಬಿಟ್ಟು ಬರೀ ಪೈಸೆ ಮಾಡಿದರು. ವಿಳಾಸದಲ್ಲಿ 6 ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಬರೀ ಬೆಂಗಳೂರು-2, ಮದ್ರಾಸ್-26 ಅಂತ ಇದ್ದರೆ ಅದಕ್ಕಿಂತ ಹಳೇದಿರುವ ಸಂಭವ ಹೆಚ್ಚು, ಆದರೆ ಹಳೇ ಅಭ್ಯಾಸ ಬಿಡದೆ ಹಾಗೇ ಅಚ್ಚು ಹಾಕಿದವರೂ ಇರುತ್ತಾರೆ. ಮೈಸೂರು ರಾಜ್ಯ ಅಂತ ಇದ್ದರೆ 1973ರ ನವೆಂಬರ್‌ಗಿಂತ ಮುಂಚಿನದು. ಮುಂಬೈ ಅಂತ ಇದ್ದರೆ ತಡೆಯಿರಿ, ಕನ್ನಡದಲ್ಲಿ ಮುಂಚಿನಿಂದಲೂ ಮುಂಬಯಿ ಅಂತ ಬರೆದವರು ಇದ್ದರು, ಆದ್ದರಿಂದ ಇಂಗ್ಲಿಷ್‌ನಲ್ಲಿ ಬಾಂಬೆ ಇದೆಯೋ ಮುಂಬೈ ಇದೆಯೋ ಅನ್ನುವುದನ್ನು ನೋಡಿ. ಆ ಬದಲಾವಣೆ 1995ರದ್ದು. ಇದರಲ್ಲಿ ಯಾವ ಒಂದು ಗುರುತನ್ನೂ ಒಂಟಿಯಾಗಿ ನಂಬಬೇಡಿ. ಎರಡು ಮೂರು ಒಂದೇ ಕಡೆ ತೋರಿಸಿದರೆ ಪೆನ್ಸಿಲ್‌ನಲ್ಲಿ ವರ್ಷ ಬರೆದುಕೊಳ್ಳಿ. ಪುಸ್ತಕದ ಮೇಲಲ್ಲ, ನೋಟ್‌ಬುಕ್ಕಿನಲ್ಲಿ.

ಚಂದಮಾಮ ಕಾಮಿಕ್ಸ್ ಅಲ್ಲ, ಗೊತ್ತು. ಆದರೂ ಯಾವ ಟ್ರಂಕು ತೆಗೆದರೂ ಜೊತೆಗೆ ಅದು ಇದ್ದೇ ಇರುತ್ತದೆ. ಕನ್ನಡದಲ್ಲಿ 1949ರ ಜುಲೈನಿಂದ ಬಂತು. ತಿಂಗಳು, ವರ್ಷ ಅಚ್ಚಾಗಿರುವುದರಿಂದ ಪಟ್ಟಿ ಮಾಡೋಕೆ ತೊಂದರೆ ಇಲ್ಲ. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಚಿತ್ರ ಇರುವ ಮುಖಪುಟಗಳನ್ನು ಮಾತ್ರ ಬೇರೆ ಎತ್ತಿಡಿ. ಬಾಲಮಂಗಳ, ಅದರಲ್ಲಿ ಬರುತ್ತಿದ್ದ ಡಿಂಗನ ಕಥೆ, ತುಂತುರು, ಈ ಮಕ್ಕಳ ಪತ್ರಿಕೆಗಳನ್ನು ಮನೆಮನೆಯಲ್ಲೂ ಓದುತ್ತಿದ್ದರು. ಎಲ್ಲ ಕಡೆ ಸಿಗುತ್ತವೆ ಅಂತ ಯಾರೂ ಇಟ್ಟುಕೊಳ್ಳಲಿಲ್ಲ. ನನ್ನ ಹತ್ತಿರ 1970ರ ದಶಕದ ಇಂದ್ರಜಾಲ ಇದೆ, ನಾನೇ ದುಡ್ಡು ಕೊಟ್ಟು ತಂದು ಓದಿದ ಬಾಲಮಂಗಳ ಒಂದೂ ಇಲ್ಲ. ನಿಮ್ಮಲ್ಲಿದ್ದರೆ ಈಗಲೇ ಪಟ್ಟಿಗೆ ಸೇರಿಸಿ.

ಇಷ್ಟಾದ ಮೇಲೆ ಒರೆಸುವ ಕೆಲಸ. ಮೂಗಿಗೆ ಮಾಸ್ಕ್ ಹಾಕಿ, ಬೂಷ್ಟಿನ ಧೂಳು ಎದೆಗೆ ಒಳ್ಳೆಯದಲ್ಲ. ಹೊರಗೆ ಕೂತು, ಗಾಳಿ ನಿಮ್ಮಿಂದ ಆಚೆ ಹೋಗುವ ಹಾಗೆ ನೋಡಿಕೊಂಡು, ಮೆತ್ತನೆಯ ಪೇಂಟ್ ಬ್ರಷ್‌ನಲ್ಲಿ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಮೆಲ್ಲಗೆ ಎಳೆಯಿರಿ. ಬೂಷ್ಟು ಹಸಿಯಾಗಿದ್ದರೆ ಬ್ರಷ್ ಮುಟ್ಟಿಸಬೇಡಿ, ಹರಡಿ ಕಲೆಯಾಗುತ್ತದೆ. ಮೊದಲು ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಲಿ, ಪುಡಿಪುಡಿ ಆದ ಮೇಲೆ ಉದುರಿಸಿ. ಒದ್ದೆ ಬಟ್ಟೆ, ಸ್ಪಿರಿಟ್ಟು, ಟಿಶ್ಯೂ ಯಾವುದೂ ಬೇಡ. ಅಂಟಿಕೊಂಡ ಪುಟಗಳನ್ನು ಬ್ಲೇಡಿನಿಂದ ಬಿಡಿಸುವ ಸಾಹಸವೂ ಬೇಡ.

ಬಿಸಿಲಿನ ಕಥೆ ಹೇಳಲೇಬೇಕು. ಅಡಿಕೆ ಒಣಗಿಸುವ ಮನೆಯಲ್ಲಿ ಹುಟ್ಟಿದವನಿಗೆ ಎಲ್ಲವನ್ನೂ ಬಿಸಿಲಿಗೆ ಹಾಕಬೇಕು ಅನ್ನಿಸುವುದು ಸಹಜ. ಸುಮ್ನೆ ಚಾಪೆ ಹಾಸಿ 40 ಪುಸ್ತಕ ಹರಡಿದೆ, ನಾಲ್ಕು ದಿನ ಬಿಟ್ಟೆ. ರಟ್ಟುಗಳು ಕರಿದ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡವು, ಹಾಳೆಯ ಅಂಚು ಕಂದಿಹೋಯಿತು. ಕಾರಣ ಕಾಗದದಲ್ಲೇ ಇದೆ. ಭದ್ರಾವತಿ ಪೇಪರ್ ಮಿಲ್ಲಿನಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿದ್ದರೆ ಕೇಳಿ, ನ್ಯೂಸ್‌ಪ್ರಿಂಟ್ ಅಂದರೆ ಮರವನ್ನು ಅರೆದು ಮಾಡುವ ಅಗ್ಗದ ಕಾಗದ, ಮರದ ಲಿಗ್ನಿನ್ ಅನ್ನುವ ಅಂಶ ಅದರಲ್ಲಿ ಹಾಗೇ ಉಳಿದಿರುತ್ತದೆ. ಅದಕ್ಕೆ ಬೆಳಕು, ಗಾಳಿ ತಗುಲಿದರೆ ಹಳದಿಯಾಗುತ್ತದೆ, ಆಮ್ಲ ಹೆಚ್ಚಾಗಿ ಕಾಗದ ಪುಡಿಯಾಗುತ್ತದೆ. ಹಳದಿಯಾದದ್ದನ್ನು ಬೆಳ್ಳಗೆ ಮಾಡುವ ಮನೆಮದ್ದು ಇಲ್ಲ, ಇನ್ನಷ್ಟು ಹಳದಿಯಾಗದ ಹಾಗೆ ಕತ್ತಲಲ್ಲಿ ಇಡಬಹುದು ಅಷ್ಟೆ.

ರಿಪೇರಿ ಆದಷ್ಟು ಕಡಿಮೆ ಮಾಡಿ. ತುಕ್ಕು ಹಿಡಿದ ಪಿನ್ನು ಮಾತ್ರ ತೆಗೆಯಲೇಬೇಕು, ನಮ್ಮ ತೇವಕ್ಕೆ ಅದು ಸುತ್ತಲಿನ ಕಾಗದವನ್ನೂ ತಿನ್ನುತ್ತದೆ. ನಡುಪುಟ ತೆರೆದು, ಪಿನ್ನಿನ ಎರಡು ಕಾಲನ್ನು ಮೊಂಡ ಚಾಕುವಿನಿಂದ ಎತ್ತಿ ನೆಟ್ಟಗೆ ಮಾಡಿ, ಹೊರಗಿನಿಂದ ಎಳೆಯಿರಿ. ಅದೇ ತೂತಿನಲ್ಲಿ ಬಿಳಿ ಹತ್ತಿ ದಾರ ಹಾಕಿ ಸಡಿಲವಾಗಿ ಕಟ್ಟಿ. ಸೆಲ್ಲೋಟೇಪ್ ಬೇಡವೇ ಬೇಡ, ಹತ್ತು ವರ್ಷಕ್ಕೆ ಪ್ಲಾಸ್ಟಿಕ್ ಉದುರಿ ಕಂದು ಅಂಟು ಮಾತ್ರ ಉಳಿಯುತ್ತದೆ. ಮೈದಾ ಅಂಟು ಬೇಕಾದಾಗ ನೀರಿನಿಂದ ಬಿಡಿಸಬಹುದು ಅನ್ನುವುದು ಒಳ್ಳೆಯದೇ, ಆದರೆ ಸಿಲ್ವರ್ ಫಿಶ್ ಹುಳಕ್ಕೆ ಅದೇ ಊಟ. ಹಳೇ ಬೈಂಡರುಗಳು ಅದಕ್ಕೇ ಅಂಟಿಗೆ ಚೂರು ಮೈಲುತುತ್ತ ಹಾಕುತ್ತಿದ್ದರು, ನಾವು ಅಡಿಕೆ ಕೊಳೆರೋಗಕ್ಕೆ ಹೊಡೆಯುತ್ತೇವಲ್ಲ ಅದೇ. ನೀವು ಹಾಕಬೇಡಿ, ತಾಮ್ರದ ಅಂಶ ಕಾಗದವನ್ನು ಕೆಡಿಸುತ್ತದೆ. ಹರಿದದ್ದು ಹರಿದ ಹಾಗೇ ಒಂದು ಕವರಿನಲ್ಲಿ ಇರಲಿ. ಲ್ಯಾಮಿನೇಶನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ನಾನು ಒಂದು ಮುಖಪುಟಕ್ಕೆ ಮಾಡಿಸಿದೆ, ಅಂಗಡಿಯವನು ಮೆಷಿನ್ನಿಗೆ ಸರಿಹೊಂದಲಿ ಅಂತ ಅಂಚನ್ನು ಅರ್ಧ ಇಂಚು ಕತ್ತರಿಸಿ, ನಂಬರನ್ನೂ ಅದರ ಜೊತೆ ಕಸದಬುಟ್ಟಿಗೆ ಹಾಕಿದ.

ಹುಳ ಇದೆ ಅಂತ ಅನುಮಾನ ಬಂದರೆ ಫ್ರೀಜರ್ ಇದೆ. ಒಣಗಿದ ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಬಿಗಿಯಾಗಿ ಸುತ್ತಿ, ಎರಡು ವಾರ ಒಳಗಿಡಿ. ಹೊರತೆಗೆದ ಮೇಲೆ ಒಂದು ದಿನ ಪೂರ್ತಿ ಕವರ್ ಬಿಚ್ಚಬೇಡಿ. ಬೆವರುವ ನೀರು ಕವರಿನ ಹೊರಗೆ ನಿಲ್ಲಲಿ. ಬೂಷ್ಟು ಇದರಿಂದ ಸಾಯುವುದಿಲ್ಲ, ಹುಳ ಸಾಯುತ್ತದೆ. ಒರಲೆ ಮಾತ್ರ ಪುಸ್ತಕದ ಕಾಯಿಲೆ ಅಲ್ಲ, ಗೋಡೆಯದ್ದು. ಮೊದಲು ಗೋಡೆ ನೋಡಿ.

ಇಡುವ ಜಾಗ. ಕಬ್ಬಿಣದ ಬೀರು ಒಳ್ಳೆಯದು, ಮಳೆ ಹೊಡೆಯುವ ಹೊರಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ನಿಲ್ಲಿಸಿ. ಕೆಳಗಿನ ಖಾನೆ ಖಾಲಿ ಬಿಡಿ. ಬಟ್ಟೆ ಅಂಗಡಿಯಲ್ಲಿ ಅಂಗಿ ಹಾಕಿಕೊಡುವ ಪಿಪಿ ಕವರ್ ಸಾಕು. ದಪ್ಪಗಿನ, ಹೊಸ ಚಪ್ಪಲಿಯ ವಾಸನೆ ಬರುವ ಪಿವಿಸಿ ಬೇಡ. ಕವರಿನ ಬಾಯಿ ಅಂಟಿಸಬೇಡಿ, ಒಳಗಿನ ತೇವ ಹೊರಗೆ ಬರಬೇಕು. ಮಲಗಿಸಿ ಇಡಿ, ಒಂದರ ಮೇಲೊಂದು 15ಕ್ಕಿಂತ ಜಾಸ್ತಿ ಬೇಡ. ತೇವ ತೋರಿಸುವ ಪುಟ್ಟ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಂದನ್ನು ಬೀರುವಿನೊಳಗೆ ಇಡಿ. ಅದು ಶೇಕಡಾ 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬರುತ್ತದೆ ಅಂತಲೇ ಲೆಕ್ಕ. ಪುನರ್ವಸು, ಪುಷ್ಯ ಮಳೆಯಲ್ಲಿ ನಮ್ಮ ಜಗಲಿಯಲ್ಲಿ 90ರ ಕೆಳಗೆ ಇಳಿಯುವುದೇ ಇಲ್ಲ, ಅದಕ್ಕೆ ತೇವ ಹೀರುವ ಸಿಲಿಕಾ ಜೆಲ್ ಹರಳು ಬೇಕು. ಬಣ್ಣ ಬದಲಾದಾಗ ಹೊರತೆಗೆದು ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಬೀರುವಿನೊಳಗೆ ಬಲ್ಬ್ ಉರಿಸಿಡುವ ಹಳೇ ಉಪಾಯ ಕಾಗದದ ಹತ್ತಿರ ಬೇಡ, ಬೆಂಕಿಯ ಭಯ. ಈಗಿನ ಎಲ್‌ಇಡಿ ಹಾಕಿದರೆ ಭಯವೂ ಇಲ್ಲ, ಬಿಸಿಯೂ ಇಲ್ಲ, ಕರೆಂಟ್ ಬಿಲ್ಲು ಮಾತ್ರ.

ನುಸಿಗುಳಿಗೆ ವಾಸನೆ ಓದುವವರ ತಲೆ ಹಿಡಿಯುತ್ತದೆ, ಬಿಟ್ಟುಬಿಡಿ. ತಾಳೆಗರಿ ಕಟ್ಟಿನ ಜೊತೆ ಹಿಂದಿನವರು ಇಡುತ್ತಿದ್ದ ಬಜೆ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಬಹುದು. ಅದೊಂದನ್ನೇ ನಂಬಿ ಕೂರಬೇಡಿ.

ಮಾರುವ ಯೋಚನೆ ಇದ್ದರೆ ಗುಜರಿ ತಕ್ಕಡಿಗೆ ಹಾಕಬೇಡಿ, ಯಾರೋ ಕೇಳಿದ ಮೊದಲ ರೇಟಿಗೂ ಕೊಡಬೇಡಿ. ಪಟ್ಟಿ ನಿಮ್ಮ ಕೈಯಲ್ಲಿದ್ದರೆ ಮಾತು ಬೇರೆ ಥರ ನಡೆಯುತ್ತದೆ. ಪೂರ್ತಿ ಪುಸ್ತಕ ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚುವ ಮುಂಚೆ ಯೋಚಿಸಿ, ಹಳೇದು ಅಂದ ಮಾತ್ರಕ್ಕೆ ಹಕ್ಕು ಮುಗಿದಿರುವುದಿಲ್ಲ. ಮುಖಪುಟದ ಫೋಟೋ, ನಂಬರು, ವರ್ಷ ಹಂಚಿಕೊಳ್ಳಿ. ಇನ್ನೊಬ್ಬರು ತಮ್ಮ ರಟ್ಟಿಲ್ಲದ ಪ್ರತಿಯನ್ನು ಗುರುತಿಸಲು ಅಷ್ಟು ಸಾಕು.

ಮಳೆ ನಿಂತ ಮೇಲೆ, ದೀಪಾವಳಿ ಹೊತ್ತಿಗೆ ಒಮ್ಮೆ ಎಲ್ಲವನ್ನೂ ತೆಗೆದು ನೋಡಿ. ಪಟ್ಟಿಯ ಒಂದು ಜೆರಾಕ್ಸ್ ಪೆಟ್ಟಿಗೆಯೊಳಗೇ ಇರಲಿ, ನೀವು ಊರಲ್ಲಿ ಇಲ್ಲದಾಗ ಯಾರೋ ಮುಚ್ಚಳ ತೆಗೆಯುತ್ತಾರೆ. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ "ಇದು ರದ್ದಿ ಅಲ್ಲ" ಎಂದು ಬರೆಯಿರಿ. ನಾನು ಬರೆದದ್ದರ ಕೆಳಗೆ ಅತ್ತಿಗೆ "ಹಾಗಂತೆ" ಅಂತ ಸೇರಿಸಿದ್ದಾರೆ.